ಮೋಡ ಇದೆಯಲ್ಲಾ, ಬೆಟ್ಟ ಹತ್ತಿ ಏನು ಮಾಡೋದು?

ರಜೆಗೆಂದು ಸ್ಕಾಟ್ಲೆಂಡಿಗೆ ಬಂದವರು ಬೆಳಿಗ್ಗೆ ಎದ್ದು ಕಿಟಕಿಯಾಚೆ ನೋಡಿ ಕೇಳುವ ಪ್ರಶ್ನೆ ಇದು. ಹತ್ತಿ ಅಂತಲೇ ನನ್ನ ಉತ್ತರ. ಗಿಡ್ಡ ಬೆಟ್ಟ ಆರಿಸಿಕೊಳ್ಳಿ, ಅಷ್ಟೆ. ಬಿಸಿಲಿಗೆ ಕಾಯುತ್ತ ಗ್ಲಾಸ್ಗೋದ ಅಂಗಡಿಗಳಲ್ಲಿ ರಜೆ ಕಳೆಯಬೇಡಿ. ಈ ಪಶ್ಚಿಮ ಭಾಗದಲ್ಲಿ ಮೋಡವೇ ಇಲ್ಲದ ದಿನ ಅಪರೂಪ.

"ಮೋಡ ಇದೆ" ಅಂದು ಅಲ್ಲಿಗೇ ಮಾತು ಮುಗಿಸುತ್ತಾರಲ್ಲ, ಸಿಟ್ಟು ಬರುವುದು ಅದಕ್ಕೆ. ಮೋಡದ ತಳ ಎಷ್ಟು ಎತ್ತರದಲ್ಲಿದೆ? ಯಾರಾದರೂ ಇದನ್ನು ಕೇಳಲಿ ಅಂತ ನನ್ನಾಸೆ. ಕೇಳದಿದ್ದರೂ ಹೇಳುತ್ತೇನೆ. ಹವಾಮಾನದ ಆ್ಯಪಿನಲ್ಲಿ ತಾಪಮಾನದ ಜೊತೆ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ) ಕೂಡ ಇರುತ್ತದೆ. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿ. ತಾಪಮಾನ 13 ಡಿಗ್ರಿ, ಡ್ಯೂ ಪಾಯಿಂಟ್ 9 ಇದ್ದರೆ ಮೋಡದ ತಳ ಸುಮಾರು 500 ಮೀಟರ್. ಇದು ಅಂದಾಜು ಮಾತ್ರ; ಬಿಡದೆ ಸೋನೆ ಹಿಡಿದಿದ್ದರೆ ಮೋಡ ಇನ್ನೂ ಕೆಳಗಿಳಿದಿರುತ್ತದೆ. ಹಾಗಾಗಿ ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವೀಸ್‌ನವರ ಮುನ್ಸೂಚನೆಯನ್ನೂ ನೋಡಿ, ಅದರಲ್ಲಿ ಬೆಟ್ಟದ ಮೋಡಕ್ಕೇ ಒಂದು ವಿಭಾಗವಿದೆ.

500 ಮೀಟರಿನಲ್ಲಿ ಮೋಡವಿದ್ದರೆ 974 ಮೀಟರಿನ ಬೆನ್ ಲೋಮಂಡ್ ಅರ್ಧ ಮುಳುಗಿರುತ್ತದೆ. ಆದರೆ ಲಾಕ್ ಲೋಮಂಡ್ ಸರೋವರದ ಪೂರ್ವ ದಡದಲ್ಲಿರುವ ಕಾನಿಕ್ ಹಿಲ್ 361 ಮೀಟರ್ ಮಾತ್ರ, ತುದಿಯವರೆಗೂ ತೆರವಾಗಿರುತ್ತದೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಬಾಲ್ಮಹಾ ಹಳ್ಳಿಯ ಕಾರ್ ಪಾರ್ಕಿನ ಹಿಂದಿನಿಂದ ದಾರಿ ಶುರು. ರಜಾದಿನಗಳಲ್ಲಿ ಅದು ಬೇಗ ತುಂಬುತ್ತದೆ, ಹತ್ತು ಗಂಟೆಯೊಳಗೆ ತಲುಪಿ. ಹೋಗಿ ಬರಲು ಸುಮಾರು 4 ಕಿಲೋಮೀಟರ್, ಏರು 340 ಮೀಟರಿನಷ್ಟು. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕ ಇಲ್ಲಿ ಈಗಲೂ ಚಾಲ್ತಿಯಲ್ಲಿದೆ: ಗಂಟೆಗೆ 5 ಕಿಲೋಮೀಟರ್ ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಒಂದೂಕಾಲು ಗಂಟೆಗೆ ಸ್ವಲ್ಪ ಮೇಲೆ. ಮಕ್ಕಳು, ಅತ್ತೆ ಮಾವ, ಫ್ಲಾಸ್ಕಿನ ಚಹಾ ಎಲ್ಲ ಸೇರಿದರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಆತುರ ಬೇಡ.

ಮೊದಲು ಕಾಡು, ಆಮೇಲೆ ಬಯಲಲ್ಲಿ ಕಲ್ಲಿನ ಮೆಟ್ಟಿಲು. ಮುಂದೆ ನೀವು ನಡೆಯುವ ವೆಸ್ಟ್ ಹೈಲ್ಯಾಂಡ್ ವೇ ಎಂಬ ಬಹುದೂರದ ಕಾಲುದಾರಿ ಶಿಖರದ ಮೇಲೆ ಹೋಗುವುದಿಲ್ಲ, ಏಣಿನ ಎಡಬದಿಯಲ್ಲೇ ಸಾಗುತ್ತದೆ. ತಪ್ಪು ಆಗುವುದು ಇಲ್ಲೇ. ಮೊದಲ ದಿಬ್ಬ ಕಂಡೊಡನೆ ಜನ ನೇರ ಹತ್ತುತ್ತಾರೆ. ಆ ದಿಬ್ಬ ಶಿಖರವಲ್ಲ. ಕಾಲು ಬಿದ್ದಲ್ಲೆಲ್ಲ ಮಣ್ಣು ಕೊಚ್ಚಿಹೋಗಿ ಜಾರುತ್ತದೆ. ಮುಖ್ಯ ದಾರಿ ಬಿಡದೆ ಮುಂದೆ ಹೋಗಿ, ಬಲಕ್ಕೆ ಕವಲೊಡೆದಾಗ ಮೇಲೇರಿ.

ಮೇಲಿಂದ ನೈಋತ್ಯಕ್ಕೆ ತಿರುಗಿ ನಿಂತರೆ ಇಂಚ್‌ಕೈಲಾಕ್, ಟೊರಿಂಚ್, ಕ್ರೀಂಚ್, ಇಂಚ್‌ಮರಿನ್ ದ್ವೀಪಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಆರನ್ ದ್ವೀಪದಿಂದ ಸ್ಟೋನ್‌ಹೇವನ್‌ವರೆಗೆ ಸ್ಕಾಟ್ಲೆಂಡನ್ನು ಅಡ್ಡಡ್ಡ ಸೀಳಿರುವ ಹೈಲ್ಯಾಂಡ್ ಬೌಂಡರಿ ಫಾಲ್ಟ್ ಎಂಬ ಭೂಸ್ತರ ಬಿರುಕಿನ ಗೆರೆ ಅದು. ಕಾನಿಕ್ ಹಿಲ್ ಕೂಡ ಅದೇ ಗೆರೆಯ ಮೇಲಿದೆ. ಉತ್ತರಕ್ಕೆ ಗಟ್ಟಿ ಬಂಡೆಯ ಹೈಲ್ಯಾಂಡ್ಸ್, ದಕ್ಷಿಣಕ್ಕೆ ಹೊಲಗದ್ದೆಯ ತಗ್ಗು ನಾಡು. ಬಿಸಿಲಿನ ಮಧ್ಯಾಹ್ನ ಸೂರ್ಯ ಅದೇ ದಿಕ್ಕಿಗೆ ಬಂದು ನೀರು ಕಣ್ಣು ಕುಕ್ಕುತ್ತದೆ, ದ್ವೀಪಗಳು ಕಪ್ಪು ಮುದ್ದೆಗಳಾಗುತ್ತವೆ. ಮೋಡದ ಬೆಳಕಿನಲ್ಲಿ ದ್ವೀಪದ ಮರಗಳ ಬಣ್ಣವೂ ಬೇರೆಬೇರೆಯಾಗಿ ತೋರುತ್ತದೆ. ಪ್ರಯೋಜನ ಕೇಳಿದಿರಲ್ಲ, ಇದು.

ಮೋಡದ ದಿನಕ್ಕೆ ನಿಜವಾದ ಕಾಟ ನುಸಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಿಲ್ಲದೆ ತೇವ ಮುಸುಕಿದಾಗ, ಮುತ್ತಿಕೊಂಡು ಕಚ್ಚುತ್ತದೆ. ಗಂಟೆಗೆ 11 ಕಿಲೋಮೀಟರ್ ಗಾಳಿ ಬೀಸಿದರೂ ಸಾಕು, ಅದು ಹಾರಲಾರದು. ಊಟಕ್ಕೆ ಕಾಡಿನಂಚು ಬಿಟ್ಟು ಏಣಿನ ಮೇಲೇ ಕೂರಿ. ಜರೀಗಿಡದ ಪೊದೆಯಲ್ಲಿ ಉಣುಗು ಇರುತ್ತದೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಅದರ ಭಯ ಗೊತ್ತು; ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ರಾತ್ರಿ ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ. 300 ಮೀಟರ್ ಮೇಲೆ ಹೋದರೆ ಎರಡು ಡಿಗ್ರಿ ಇಳಿಯುತ್ತದೆ, ಗಾಳಿಗೆ ಇನ್ನೂ ಹೆಚ್ಚು ಚಳಿ.

ಇಳಿಯುವಾಗ ಒದ್ದೆ ಮೆಟ್ಟಿಲಿಗೆ ಹೆದರಿ ಪಕ್ಕದ ಹುಲ್ಲಿಗೆ ಕಾಲಿಡಬೇಡಿ. ಹುಲ್ಲೇ ಹೆಚ್ಚು ಜಾರುತ್ತದೆ, ದಾರಿಯೂ ಹಾಳು. ಚಿಕ್ಕ ಹೆಜ್ಜೆ, ಪೂರ್ತಿ ಪಾದ.

ಮೋಡ 250 ಮೀಟರಿಗೇ ಇಳಿದಿದ್ದರೆ ಕಾನಿಕ್ ಬಿಡಿ. ಬಾಲ್ಮಹಾದಲ್ಲೇ ಕ್ರೇಗಿ ಫೋರ್ಟ್ ಎಂಬ ಗುಡ್ಡೆಯಿದೆ, ಸ್ವಲ್ಪ ಹೊತ್ತಿನ ಏರು. ಅಲ್ಲಿಂದ ದಡದ ದಾರಿ ಹಿಡಿದು ಮಿಲರಾಖಿ ಬೇವರೆಗೆ ನಡೆದು ಬನ್ನಿ.