ಮಂಕೀಸ್ ನಿಜವಾದ ಬ್ಯಾಂಡೇ ಅಲ್ಲ, ಮತ್ತೆ ನಿನಗೇಕೆ ಈ ಹುಚ್ಚು?

ಮಂಕೀಸ್ ಹೆಸರೆತ್ತಿದರೆ ಸಾಕು, ಎದುರಿಗಿದ್ದವರ ಮುಖದಲ್ಲಿ ಒಂದು ನಗು ಮೂಡುತ್ತದೆ. ರಾಕ್ ಸಂಗೀತದ ಬಗ್ಗೆ ಒಂದಿಷ್ಟು ಓದಿಕೊಂಡವರಾದರೆ ಕೇಳಿಯೇ ಬಿಡುತ್ತಾರೆ: "ಅದು ಟಿವಿಗೋಸ್ಕರ ಕಟ್ಟಿದ ಬ್ಯಾಂಡಲ್ಲವಾ? ನುಡಿಸಿದವರು ಯಾರೋ, ಹಾಡು ಬರೆದವರು ಯಾರೋ. ಚಿಕ್ಕಂದಿನಲ್ಲಿ ನೋಡಿದ್ದೆ ಅಂದರೆ ಸರಿ, ಈಗಲೂ ಯಾಕೆ?" ಇಷ್ಟು ದಿನ ಅರ್ಧಂಬರ್ಧ ಏನೋ ಹೇಳಿ ಮಾತು ತೇಲಿಸುತ್ತಿದ್ದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನೋಡಿಲ್ಲದವರಿಗಾಗಿ ಮೊದಲು ಇಷ್ಟು. 'ದಿ ಮಂಕೀಸ್' ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 12ರಂದು ಶುರುವಾಗಿ 1968ರ ಮಾರ್ಚ್‌ನಲ್ಲಿ ಮುಗಿದ ಅರ್ಧ ಗಂಟೆಯ ಹಾಸ್ಯ ಧಾರಾವಾಹಿ. ಎರಡು ಸೀಸನ್, 58 ಕಂತು. ಕಡಲ ದಂಡೆಯ ಒಂದು ಮನೆಯಲ್ಲಿ ನಾಲ್ವರು ಹುಡುಗರು, ಅವರದೊಂದು ಬ್ಯಾಂಡ್, ಜೇಬಿನಲ್ಲಿ ಕಾಸಿಲ್ಲ, ಬಾಡಿಗೆ ಬಾಕಿ. ನಿರ್ಮಾಪಕರಾದ ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್ 1965ರಲ್ಲಿ ಸಿನಿಮಾ ರಂಗದ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು: 17ರಿಂದ 21ರೊಳಗಿನ ನಾಲ್ವರು ತಿಕ್ಕಲು ಹುಡುಗರು ಬೇಕಾಗಿದ್ದಾರೆ. 437 ಮಂದಿ ಬಂದರು. ಕೊನೆಗೆ ಉಳಿದ ನಾಲ್ವರೂ ನಾಲ್ಕು ದಿಕ್ಕಿನವರು. ಮಿಕಿ ಡೊಲೆನ್ಜ್ ಬಾಲನಟನಾಗಿ ಟಿವಿಯಲ್ಲೇ ಬೆಳೆದವನು. ಡೇವಿ ಜೋನ್ಸ್ ಮ್ಯಾಂಚೆಸ್ಟರಿನ ಹುಡುಗ, ಬ್ರಾಡ್‌ವೇ ರಂಗಭೂಮಿಯಲ್ಲಿ ಹೆಸರು ಮಾಡಿದ್ದವನು. ಪೀಟರ್ ಟಾರ್ಕ್ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಜಾನಪದ ಹಾಡುಗಳನ್ನು ಹಾಡಿಕೊಂಡಿದ್ದವನು. ಮೈಕ್ ನೆಸ್ಮಿತ್ ಟೆಕ್ಸಾಸ್‌ನವನು, ಉಣ್ಣೆಯ ಟೋಪಿ ಹಾಕಿಕೊಂಡೇ ಆಡಿಷನ್‌ಗೆ ಬಂದ, ಆ ಟೋಪಿ ಪಾತ್ರಕ್ಕೂ ಅಂಟಿಕೊಂಡಿತು.

ಹಾಗಾದರೆ ಆರೋಪ ಸುಳ್ಳೇ? ಅಲ್ಲ. ಮೊದಲ ಎರಡು ಆಲ್ಬಂಗಳಲ್ಲಿ ದನಿ ಅವರದು, ವಾದ್ಯಗಳು ಬಹುಪಾಲು ಸ್ಟುಡಿಯೋ ವಾದಕರವು. ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕಿರ್ಶ್ನರ್ ಅಂದಿನ ಅತಿ ಚುರುಕಾದ, ಹಾಡು ಬರೆಯುವವರ ಕಾರ್ಖಾನೆಯನ್ನೇ ಕೈಯಲ್ಲಿಟ್ಟುಕೊಂಡಿದ್ದ: ಬಾಯ್ಸ್ ಮತ್ತು ಹಾರ್ಟ್ ಜೋಡಿ, ಕ್ಯಾರೊಲ್ ಕಿಂಗ್ ಮತ್ತು ಜೆರ್ರಿ ಗಾಫಿನ್, ನೀಲ್ ಡೈಮಂಡ್. ಡೊಲೆನ್ಜ್‌ಗೆ ಡ್ರಮ್ಸ್ ಬರುತ್ತಲೇ ಇರಲಿಲ್ಲ, ಪಾತ್ರಕ್ಕಾಗಿ ಕಲಿತ. ಪ್ರತಿ ವಾರ ಕಂತಿನೊಳಗೆ ಒಂದೆರಡು ಹಾಡು ತೂರಿಸುತ್ತಿದ್ದುದು ರೆಕಾರ್ಡು ಮಾರುವುದಕ್ಕೇ. ಶುದ್ಧ ವ್ಯಾಪಾರ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಕಾಲದಲ್ಲಿ ಬರ್ಡ್ಸ್ ಬ್ಯಾಂಡಿನ ಮೊದಲ ಹಿಟ್ ಹಾಡಿನಲ್ಲಿ ಅವರ ಪೈಕಿ ವಾದ್ಯ ನುಡಿಸಿದ್ದು ರೋಜರ್ ಮೆಗ್ವಿನ್ ಒಬ್ಬನೇ, ಮಿಕ್ಕಿದ್ದೆಲ್ಲ ಸ್ಟುಡಿಯೋ ವಾದಕರದು. ಬೀಚ್ ಬಾಯ್ಸ್‌ನ ಅತಿ ಹೊಗಳಿಸಿಕೊಂಡ ಆಲ್ಬಂನಲ್ಲೂ ನುಡಿಸಿದವರು ಹೆಚ್ಚಾಗಿ ಅಂಥವರೇ. ಅವರನ್ನು ಯಾರೂ ನಕಲಿ ಎನ್ನಲಿಲ್ಲ. ಲಾಸ್ ಏಂಜಲೀಸ್‌ನ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದ ಮಂಕೀಸ್ ಮಾತ್ರ ಸಿಕ್ಕಿಬಿದ್ದದ್ದು ಟಿವಿಯಲ್ಲಿ ಕಂಡರು ಎಂಬ ಒಂದೇ ಕಾರಣಕ್ಕೆ. ಇದು ನನ್ನ ಉತ್ತರದ ಅರ್ಧ, ಅದೂ ವಾದಕ್ಕೆ ನಿಂತವರಿಗೆ ಕೊಡುವ ಅರ್ಧ. ನಾನು ಆ ಶೋವನ್ನು ಹಚ್ಚಿಕೊಂಡಿದ್ದು ಇದಕ್ಕಲ್ಲ.

ನಾನು ನೋಡಿದ್ದು ಅಮೆರಿಕದಲ್ಲಿ, 1986ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಎಂಟಿವಿ ಒಂದು ಭಾನುವಾರವಿಡೀ ಮಂಕೀಸ್ ಕಂತುಗಳನ್ನು ಬೆನ್ನುಬೆನ್ನಿಗೆ ಹಾಕಿತು. ಆಮೇಲೆ ಅದು ನಿತ್ಯದ ಶೋ ಆಯಿತು. ಇಪ್ಪತ್ತು ವರ್ಷ ಹಳೆಯದೆಂದು ನಮಗೆ ಯಾರು ಹೇಳಬೇಕು? ಮಕ್ಕಳಿಗೆ ಟಿವಿಯಲ್ಲಿ ಬಂದದ್ದೆಲ್ಲ ಈಗ ತಾನೇ ನಡೆದದ್ದು. ಆ ಉದ್ದ ಕೂದಲು, ಎರಡು ಸಾಲು ಗುಂಡಿಯ ಕೆಂಪು ಅಂಗಿ ನಮ್ಮ ಶಾಲೆಯಲ್ಲಿ ಯಾರ ಮೈಮೇಲೂ ಇರಲಿಲ್ಲ ಎಂಬುದು ಕಣ್ಣಿಗೆ ಬಿದ್ದಿತ್ತು, ಆದರೆ ಕ್ಯಾಲಿಫೋರ್ನಿಯಾದಲ್ಲಿ ಹಾಗೇ ಇರುತ್ತಾರೆ ಎಂದುಕೊಂಡಿದ್ದೆ. ಅದೇ ವರ್ಷ ನೆಸ್ಮಿತ್ ಬಿಟ್ಟು ಮಿಕ್ಕ ಮೂವರು ಇಪ್ಪತ್ತನೇ ವರ್ಷದ ಪ್ರವಾಸ ಹೊರಟರು, ಪತ್ರಿಕೆಯಲ್ಲಿ ಫೋಟೋ ಬಂತು. ಪರದೆಯ ಮೇಲೆ ಹಿಂದಿನ ಸಂಜೆ ಹುಡುಗಿಯ ಹಿಂದೆ ಓಡಿದ್ದ ಡೇವಿಗೆ ಫೋಟೋದಲ್ಲಿ ನಲವತ್ತು ವರ್ಷ. ಮನುಷ್ಯರಿಗೆ ವಯಸ್ಸಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ಹಾಗಾಗಿ ನನ್ನ ಹಂಬಲವೇ ಎರವಲಿನದು. ನನಗಿಂತ ಒಂದು ತಲೆಮಾರು ಹಿಂದಿನವರ ಬಾಲ್ಯವನ್ನು ನನ್ನದೆಂದು ಇಟ್ಟುಕೊಂಡಿದ್ದೇನೆ. ಅದಕ್ಕೆ ನಾಚಿಕೆಯೇನಿಲ್ಲ.

ಅಮ್ಮ ಒಂದು ದಿನ ಹಿಂದೆ ನಿಂತು ಒಂದಿಡೀ ಕಂತು ನೋಡಿ, "ಈ ಹುಡುಗರಿಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಅಂದಳು. ಶೋದ ಗುಟ್ಟನ್ನು ಅವಳಷ್ಟು ಚೊಕ್ಕವಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಿಜಕ್ಕೂ ಯಾರೂ ಇರಲಿಲ್ಲ. ಅಂದಿನ ಅಮೆರಿಕದ ಟಿವಿಯಲ್ಲಿ ಹದಿಹರೆಯದವರಿದ್ದ ಮನೆಯಲ್ಲಿ ಒಬ್ಬ ಅಪ್ಪ, ಇಲ್ಲವೇ ಚಿಕ್ಕಪ್ಪ, ಕೊನೇಪಕ್ಷ ಒಬ್ಬ ಮ್ಯಾನೇಜರಾದರೂ ಇದ್ದು, ಮುಗಿಯುವ ಹೊತ್ತಿಗೆ ಬುದ್ಧಿ ಹೇಳುತ್ತಿದ್ದ. ಮಂಕೀಸ್ ಮನೆಯ ಮೂಲೆಯಲ್ಲಿ ಇದ್ದದ್ದು ಮಿಸ್ಟರ್ ಶ್ನೈಡರ್ ಎಂಬ ಬೊಂಬೆ. ದಾರ ಎಳೆದರೆ ಒಂದು ಉಪದೇಶ ಉದುರಿಸುತ್ತಿತ್ತು, ಅಷ್ಟೇ. ನಿರ್ಮಾಪಕನ ಹೆಸರನ್ನೇ ಅದಕ್ಕಿಟ್ಟಿದ್ದರು. ಮನೆಯ ಮಾಲೀಕ ಬ್ಯಾಬಿಟ್ ಬಾಡಿಗೆ ಕೇಳಲು ಬರುತ್ತಿದ್ದ, ಬಯ್ದು ಹೋಗುತ್ತಿದ್ದ, ಮುಂದಿನ ಕಂತಿನಲ್ಲಿ ಹುಡುಗರು ಅಲ್ಲೇ ಇರುತ್ತಿದ್ದರು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಅವರು ಎಂದೂ ಗೆಲ್ಲುವುದಿಲ್ಲ. 1967ರ ಅಮೆರಿಕದಲ್ಲಿ ಮಂಕೀಸ್ ರೆಕಾರ್ಡುಗಳು ಮಾರಾಟದ ಪಟ್ಟಿಯ ತುದಿಯಿಂದ ಇಳಿಯುತ್ತಲೇ ಇರಲಿಲ್ಲ. ಮೊದಲ ಆಲ್ಬಂ 13 ವಾರ, ಎರಡನೆಯದು 18 ವಾರ ಒಂದನೇ ಸ್ಥಾನದಲ್ಲಿದ್ದವು. ಅದೇ ಹೊತ್ತಿಗೆ ಶೋದೊಳಗಿನ ಮಂಕೀಸ್‌ಗೆ ಒಂದು ಹುಟ್ಟುಹಬ್ಬದ ಕಾರ್ಯಕ್ರಮ ಸಿಕ್ಕರೆ ಅದೇ ಭಾಗ್ಯ. ಬೀಟಲ್ಸ್ ಆಗಬೇಕೆಂದು ಹೊರಟು ಎಂದೂ ಆಗದ ಬ್ಯಾಂಡಿನ ಕಥೆ ಇದು ಎಂದು ಡೊಲೆನ್ಜ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾನೆ. ನಾನು ಆಮೇಲೆ ನೋಡಿದ ಬ್ಯಾಂಡುಗಳ ಶೋಗಳಲ್ಲೆಲ್ಲ ಕೊನೆಗೊಂದು ದೊಡ್ಡ ವೇದಿಕೆ, ಸಾವಿರ ಕೈಗಳ ಚಪ್ಪಾಳೆ ಕಾದಿರುತ್ತದೆ. ಇಲ್ಲಿ ಕಾದಿರುವುದು ಇನ್ನೊಂದು ತಿಂಗಳ ಬಾಡಿಗೆ. ಸೋತವರು ಸಪ್ಪೆ ಮುಖ ಹಾಕಿಕೊಳ್ಳದೆ, ಒಬ್ಬರನ್ನೊಬ್ಬರು ದೂರದೆ, ಮಾರನೆಯ ದಿನವೂ ಅದೇ ನಾಲ್ವರಾಗಿ ಎದ್ದು ಓಡಾಡುವುದನ್ನು ನಾನು ಬೇರೆ ಯಾವ ಶೋದಲ್ಲೂ ಅಷ್ಟು ನೋಡಲಿಲ್ಲ. ಬಹುಮಾನ ಬಾರದ ಮಗುವಿಗೆ ಅದರ ಬೆಲೆ ಎಷ್ಟೆಂದು ಬಹುಮಾನ ಬಂದವರಿಗೆ ತಿಳಿಯಲಿಕ್ಕಿಲ್ಲ.

ತಮಾಷೆಯ ಬಗೆಯೂ ಬೇರೆ. ಕಥೆಯ ನಡುವೆ ಕ್ಯಾಮೆರಾ ಕಡೆ ತಿರುಗಿ ಮಾತಾಡುವುದು, ಅಟ್ಟಿಸಿಕೊಂಡು ಓಡುವ ದೃಶ್ಯವನ್ನು ವೇಗ ಹೆಚ್ಚಿಸಿ ಕತ್ತರಿಸಿ ಹಾಡಿನ ಮೇಲೆ ಕೂರಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸಿ ತಮ್ಮನ್ನೇ ಅಣಕಿಸುವುದು. ಕಂತು ಒಂದೆರಡು ನಿಮಿಷ ಕಡಿಮೆಬಿದ್ದರೆ ಹುಡುಗರನ್ನು ಸುಮ್ಮನೆ ಕೂರಿಸಿ ಏನಾದರೂ ಕೇಳುತ್ತಿದ್ದರು. ಅವರು ವೇಷ ಕಳಚಿದವರ ಹಾಗೆ ಮಾತಾಡುತ್ತಿದ್ದರು. ನನಗೆ ಇಡೀ ಕಂತಿಗಿಂತ ಆ ತುಣುಕುಗಳೇ ಇಷ್ಟ. 1967ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಗೆ ಎಮ್ಮಿ ಪ್ರಶಸ್ತಿ ಬಂತು, ನಿರ್ದೇಶಕ ಜೇಮ್ಸ್ ಫ್ರಾಲಿಗೂ ಒಂದು. ನಕಲಿ ಎಂದು ಬಯ್ಯುವವರು ಇದನ್ನು ನೆನೆಯುವುದಿಲ್ಲ.

ಈಗ ನೋಡಲಾಗದ ಕಂತುಗಳೂ ಇವೆ. ಚೀನೀಯರು, ಅರಬರು, ರಷ್ಯನ್ನರು ಎಲ್ಲರೂ ತೊದಲುವ ಇಂಗ್ಲಿಷಿನ ಖಳರು, ವೇಷ ಹಾಕಿದ ಬಿಳಿಯರು. ಹುಡುಗಿಯರ ಕೆಲಸ ಡೇವಿಯ ಕಣ್ಣಲ್ಲಿ ನಕ್ಷತ್ರ ಮಿನುಗಿಸುವುದು. ಅವನ್ನು ದಾಟಿಸುತ್ತೇನೆ, ಸಮರ್ಥಿಸುವುದಿಲ್ಲ.

ನಕಲಿಯ ಮಾತಿಗೆ ಮರಳುತ್ತೇನೆ, ಏಕೆಂದರೆ ಇಡೀ ಕಥೆಯಲ್ಲಿ ನನಗೆ ಅತಿ ರುಚಿಯ ಭಾಗ ಪರದೆಯ ಹಿಂದೆ ನಡೆದದ್ದು. ಪ್ರವಾಸದಲ್ಲಿದ್ದಾಗ ಅವರದೇ ಎರಡನೆಯ ಆಲ್ಬಂ ಅವರಿಗೇ ಗೊತ್ತಿಲ್ಲದೆ ಅಂಗಡಿಗೆ ಬಂದಿತ್ತು. ಹಾಡು ಆರಿಸಿದ್ದು ಕಿರ್ಶ್ನರ್, ಹೊದಿಕೆ ಒಪ್ಪಿದ್ದು ಕಿರ್ಶ್ನರ್. ನೆಸ್ಮಿತ್ ಪತ್ರಿಕೆಯವರ ಮುಂದೆ, ನಮ್ಮ ರೆಕಾರ್ಡುಗಳಲ್ಲಿ ನುಡಿಸುವುದು ನಾವಲ್ಲ ಎಂದು ತಾನೇ ಬಾಯಿಬಿಟ್ಟ. ಅಂದರೆ ಗುಟ್ಟು ಬಯಲು ಮಾಡಿದ್ದು ಶತ್ರುಗಳಲ್ಲ. 1967ರ ಜನವರಿಯಲ್ಲಿ ಬೆವರ್ಲಿ ಹಿಲ್ಸ್‌ನ ಹೋಟೆಲೊಂದರಲ್ಲಿ ಕಿರ್ಶ್ನರ್ ನಾಲ್ವರಿಗೂ ದೊಡ್ಡ ಮೊತ್ತದ ಚೆಕ್ಕುಗಳನ್ನು ಹಂಚುತ್ತಿದ್ದಾಗ ಜಗಳ ಹತ್ತಿತು. ಒಪ್ಪಂದ ಓದಿಕೋ ಎಂದ ವಕೀಲನೆದುರು ನೆಸ್ಮಿತ್ ಗೋಡೆಗೆ ಗುದ್ದಿ ತೂತು ಮಾಡಿದ. ಇದು ನಿನ್ನ ಮುಖವೂ ಆಗಬಹುದಿತ್ತು ಎಂಬರ್ಥದ ಮಾತು ಆಡಿದ. ಲಕ್ಷಗಟ್ಟಲೆ ಡಾಲರ್ ಕೈಯಲ್ಲಿರುವಾಗ 'ನಮಗೆ ನುಡಿಸಲು ಬಿಡಿ' ಎಂದು ಗೋಡೆ ಒಡೆಯುವವನನ್ನು ನಕಲಿ ಎನ್ನುವುದು ಹೇಗೆ?

ಕೆಲವೇ ವಾರಗಳಲ್ಲಿ ಕಿರ್ಶ್ನರ್‌ನನ್ನು ತೆಗೆದರು. ನಾಲ್ವರೂ ಸ್ಟುಡಿಯೋಗೆ ಹೋಗಿ ಹೆಚ್ಚುಕಡಿಮೆ ಎಲ್ಲವನ್ನೂ ತಾವೇ ನುಡಿಸಿ ಮೂರನೆಯ ಆಲ್ಬಂ ಮಾಡಿದರು. ಒರಟಾಗಿದೆ, ಅಲ್ಲಲ್ಲಿ ತಾಳ ಜಾರುತ್ತದೆ, ನನಗೆ ಅದೇ ಎಲ್ಲಕ್ಕಿಂತ ಪ್ರಿಯ. 1967ರ ಮೇ ತಿಂಗಳಲ್ಲಿ ಬಂದು ಒಂದು ವಾರ ಮೊದಲ ಸ್ಥಾನದಲ್ಲಿತ್ತು. ಆಮೇಲೆ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಬಂತು, ಇವರದು ವಾರಗಟ್ಟಲೆ ಅದರ ಬೆನ್ನಿಗೇ ಎರಡನೆಯದಾಗಿ ನಿಂತಿತು. ಕಿರ್ಶ್ನರ್ ಪಾಠ ಕಲಿತ. ಅವನ ಮುಂದಿನ ಬ್ಯಾಂಡ್ ಆರ್ಚೀಸ್ ಬರೀ ಕಾರ್ಟೂನ್ ಗೊಂಬೆಗಳದು. ಗೊಂಬೆಗಳು ಗೋಡೆಗೆ ಗುದ್ದುವುದಿಲ್ಲ. ಅವುಗಳ ಹಾಡೊಂದು 1969ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿತು.

(ಅಂದಹಾಗೆ, 1967ರಲ್ಲಿ ಮಂಕೀಸ್ ರೆಕಾರ್ಡುಗಳು ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು ಮಾರಿದವು ಎಂದು ಅಭಿಮಾನಿಗಳು ಹೇಳಿದರೆ ನಂಬಬೇಡಿ. ಅದು ನೆಸ್ಮಿತ್ ಪತ್ರಕರ್ತನೊಬ್ಬನಿಗೆ ಬೇಕೆಂದೇ ಬಿಟ್ಟ ಬುರುಡೆ, ಅವನೇ ಆಮೇಲೆ ಒಪ್ಪಿಕೊಂಡ.)

ಡೇವಿ 2012ರಲ್ಲಿ ತೀರಿಕೊಂಡ, ಪೀಟರ್ 2019ರಲ್ಲಿ, ಮೈಕ್ 2021ರ ಡಿಸೆಂಬರಿನಲ್ಲಿ. ಪ್ರತಿ ಸಲವೂ ಗೆಳೆಯರು ಸಂದೇಶ ಕಳಿಸಿದರು, ಮನೆಯವರು ಯಾರೋ ಹೋದ ಹಾಗೆ. ನಕಲಿ ಎಂದು ನಗುತ್ತಿದ್ದವರೂ ಕಳಿಸಿದರು.

ಕೇಳುವವರ ಪೈಕಿ ಕೆಲವರು ಕೊನೆಗೆ, "ಸರಿ, ಒಂದೇ ಒಂದು ಕಂತು ನೋಡಬೇಕಾದರೆ ಯಾವುದು?" ಎನ್ನುತ್ತಾರೆ. ಮೊದಲ ಕಂತಿನಿಂದ ಶುರು ಮಾಡಬೇಡಿ. ಎರಡನೆಯ ಸೀಸನ್‌ನಲ್ಲಿ, 1968ರ ಫೆಬ್ರುವರಿಯಲ್ಲಿ ಬಂದ 'ದಿ ಡೆವಿಲ್ ಆ್ಯಂಡ್ ಪೀಟರ್ ಟಾರ್ಕ್' ನೋಡಿ. ಪೀಟರ್‌ಗೆ ಗಿರವಿ ಅಂಗಡಿಯಲ್ಲಿ ಹಾರ್ಪ್ ಎಂಬ ದೊಡ್ಡ ತಂತಿವಾದ್ಯ ಕಂಡು ಆಸೆಯಾಗುತ್ತದೆ, ನುಡಿಸಲು ಬರುವುದಿಲ್ಲ. ಅಂಗಡಿಯವನು ಸೈತಾನ. ಆತ್ಮ ಬರೆದುಕೊಟ್ಟರೆ ವಿದ್ಯೆ ಕೊಡುತ್ತೇನೆ ಎನ್ನುತ್ತಾನೆ, ಈ ಪೆದ್ದ ಓದದೆ ಸಹಿ ಹಾಕುತ್ತಾನೆ. ನರಕ ಎಂಬರ್ಥದ ಇಂಗ್ಲಿಷ್ ಪದವನ್ನು ವಾಹಿನಿ ಬಿಡಲಿಲ್ಲ, ಹುಡುಗರು ಆ ಕತ್ತರಿಯನ್ನೇ ಕಂತಿನೊಳಗೆ ತಮಾಷೆ ಮಾಡಿ ಸೇಡು ತೀರಿಸಿಕೊಂಡರು. ಕೊನೆಗೆ ನ್ಯಾಯಾಲಯದ ದೃಶ್ಯ. ಮೈಕ್ ವಕೀಲನಾಗಿ ನಿಂತು, ಸೈತಾನ ಇವನಿಗೆ ಏನೂ ಕೊಟ್ಟಿಲ್ಲ, ಸಂಗೀತದ ಮೇಲಿನ ಪ್ರೀತಿಯಿಂದ ಇವನು ತಾನೇ ನುಡಿಸಬಲ್ಲ ಎಂದು ವಾದಿಸುತ್ತಾನೆ. ಸೈತಾನ ವಿದ್ಯೆ ವಾಪಸು ಪಡೆಯುತ್ತಾನೆ. ಪೀಟರ್ ಹಾರ್ಪ್ ಮುಂದೆ ಕೂರುತ್ತಾನೆ. ನೋಡುವಾಗ ಒಂದು ಸಂಗತಿ ತಲೆಯಲ್ಲಿರಲಿ: ನಾಲ್ವರಲ್ಲಿ ಅತಿ ಹೆಚ್ಚು ವಾದ್ಯ ಬಲ್ಲವನು ಈ ಪೆದ್ದನ ಪಾತ್ರದವನೇ.