ಹುಳು ಹಾರಿಹೋಗದಷ್ಟು ದೂರ

ಹುಳುಹುಪ್ಪಟೆಗಳನ್ನು ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೊ ಲೆನ್ಸ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು 1:1 ಅನ್ನುವ ಅಂಕಿಯ ಮೇಲೆ, ಅಂದರೆ ಹುಳು ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಮೂಡುವುದು. ಅದು 60 ಮಿ.ಮೀ. ಲೆನ್ಸಿನಲ್ಲೂ ಸಿಗುತ್ತದೆ, 100ರಲ್ಲೂ ಸಿಗುತ್ತದೆ. ಅಗ್ಗವೆಂದು 60 ತಂದರೆ ಕೈತೋಟದಲ್ಲಿ ಪೇಚಾಟ. ಪೆಟ್ಟಿಗೆಯ ಮೇಲಿನ ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಸೆನ್ಸರಿನಿಂದ. 100 ಮಿ.ಮೀ. ಲೆನ್ಸಿಗೆ 30 ಸೆಂ.ಮೀ. ಎಂದಿದ್ದರೆ ಅರ್ಧಕ್ಕೂ ಹೆಚ್ಚನ್ನು ಕ್ಯಾಮೆರಾ, ಲೆನ್ಸುಗಳೇ ನುಂಗಿಬಿಡುತ್ತವೆ. ಲೆನ್ಸ್ ತುದಿಯಿಂದ ಹುಳುವಿಗೆ ಉಳಿಯುವುದು ಸುಮಾರು 14 ಸೆಂ.ಮೀ. 60ರಲ್ಲಿ 5ರಿಂದ 9 ಅಷ್ಟೆ. ಅಷ್ಟು ಹತ್ತಿರ ಹೋದರೆ ಲೆನ್ಸಿನ ನೆರಳು ಬಿದ್ದ ಕೂಡಲೇ ಮಿಡತೆ ನಾಪತ್ತೆ. ಕರಿಬೇವಿನ ಮೇಲಿನ ಚಿಟ್ಟೆಮರಿಗಾದರೆ ಯಾವ ಲೆನ್ಸಾದರೂ ಸರಿ. ಕೆಣಕಿದರೆ ಕವಲುಕೊಂಬು ಚಾಚೀತೇ ಹೊರತು ಓಡದು.

ಮನೆಯಲ್ಲಿ 55-250 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ಮ್ಯಾಕ್ರೊ ಲೆನ್ಸೇ ಬೇಡ. 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ರೇನಾಕ್ಸ್ ಡಿಸಿಆರ್-250 ಎಂಬ ಹೆಚ್ಚುವರಿ ಲೆನ್ಸ್ ಸಾಕು. ಅದರ ಶಕ್ತಿ 8 ಡಯಾಪ್ಟರ್, ಅಂದರೆ ಫೋಕಲ್ ಲೆಂತ್ 125 ಮಿ.ಮೀ. ಜೂಮನ್ನು ಅನಂತಕ್ಕೆ ಫೋಕಸ್ ಮಾಡಿಟ್ಟರೆ 125ರಲ್ಲಿ 1:1, 250ರಲ್ಲಿ 2:1. ಜೂಮ್ ಎಷ್ಟೇ ತಿರುಗಿಸಿದರೂ ಹುಳುವಿನ ದೂರ ಸುಮಾರು 12 ಸೆಂ.ಮೀ.ಯಲ್ಲೇ ಇರುತ್ತದೆ, ಇದೇ ಇದರ ಹೆಚ್ಚುಗಾರಿಕೆ. ಜೂಮನ್ನು ತೀರಾ ಅಗಲಕ್ಕೆ, ಅಂದರೆ 55ರ ಕಡೆಗೆ ತಂದರೆ ಮೂಲೆಗಳು ಕಪ್ಪಾಗುತ್ತವೆ. ಆಟೋಫೋಕಸ್ ಆಫ್ ಮಾಡಿ, ಮೈಯನ್ನೇ ಹಿಂದೆ ಮುಂದೆ ವಾಲಿಸಿ ಹುಳುವಿನ ಕಣ್ಣಿಗೆ ಫೋಕಸ್ ಹಿಡಿಯಬೇಕು. ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಕೊಳವೆ) 50 ಮಿ.ಮೀ. ಲೆನ್ಸಿಗೆ ಸೈ, 250ಕ್ಕೆ 36 ಮಿ.ಮೀ. ಟ್ಯೂಬ್ ಹಾಕಿದರೂ ಚಿತ್ರದ ಗಾತ್ರದಲ್ಲಿ ಸಿಗುವ ಹೆಚ್ಚಳ ಹುಳುವಿನ 0.14ರಷ್ಟು ಮಾತ್ರ.

ಕ್ರಾಪ್ ಸೆನ್ಸರಿನಲ್ಲಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) 1:1ಕ್ಕೆ ಲೆನ್ಸಿನ ರಂಧ್ರವನ್ನು ಎಫ್/11ಕ್ಕೆ ಕಿರಿದು ಮಾಡಿಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿ.ಮೀ.ಗಿಂತ ಕಡಿಮೆ. ಎಫ್/22ಕ್ಕೆ ಇಳಿಸುವ ಆಸೆ ಬೇಡ: 1:1ರಲ್ಲಿ ಎಫ್/11 ಆಗಲೇ ಎಫ್/22ರಂತೆ ವರ್ತಿಸುತ್ತಿರುತ್ತದೆ, ರಂಧ್ರವನ್ನು ಇನ್ನೂ ಮುಚ್ಚಿದರೆ ಬೆಳಕು ಅಂಚಿನಲ್ಲಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮಂಕು. ಅದರ ಬದಲು ಹುಳುವಿನ ಪಕ್ಕಕ್ಕೆ ಸರಿದು ಅದರ ಮೈಯನ್ನು ಸೆನ್ಸರಿಗೆ ಸಮಾನಾಂತರವಾಗಿ ತನ್ನಿ. ನೀಲಿಪಟ್ಟೆಯ ಗಂಡು ಜೇನ್ನೊಣಗಳು ಸಂಜೆ ತೆಳು ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ನೇತಾಡುತ್ತ ಮಲಗುತ್ತವೆ. ಬೆಳಗ್ಗೆ ಬಿಸಿಲೇರುವವರೆಗೆ ಕದಲುವುದಿಲ್ಲ. ಈ ಕೋನ ಹುಡುಕುವುದನ್ನು ಕಲಿಯಲು ಅವೇ ವಾಸಿ.

ಇನ್ನು ಬೆಳಕು. ಶಟರ್ 1/200, ಐಎಸ್‌ಒ 200, ಫ್ಲ್ಯಾಶ್ ಶಕ್ತಿ 1/8ರಿಂದ ಶುರುಮಾಡಿ. ಗುಲಗಂಜಿ ಹುಳುವಿನ ನುಣ್ಣನೆಯ ಬೆನ್ನು ಕನ್ನಡಿಯೇ ಸರಿ: ಬರೀ ಫ್ಲ್ಯಾಶ್ ಹೊಡೆದರೆ ಅಲ್ಲೊಂದು ಬಿಳಿ ಚೌಕ ಮೂಡಿ, ಕೆಂಪು ಬಣ್ಣ ಹಾರಿಹೋಗುತ್ತದೆ. ಲೆನ್ಸ್ ತುದಿಯ ಮೇಲೆ ಎರಡು ಪದರ ಟ್ರೇಸಿಂಗ್ ಪೇಪರನ್ನು ಕಮಾನಿನಂತೆ ಬಗ್ಗಿಸಿ ಕಟ್ಟಿ. ಹುಳುವಿಗೆ ಹತ್ತಿರವಿದ್ದಷ್ಟೂ ಬೆಳಕು ಮೃದು. ತೋಟಕ್ಕಿಳಿಯುವ ಮುಂಚೆ ಸ್ಟೀಲ್ ಚಮಚದ ಬೆನ್ನಿನ ಫೋಟೊ ತೆಗೆದು ನೋಡಿ. ನಡುವೆ ಉರಿಯುವ ಚುಕ್ಕೆ ಕಂಡರೆ ಫ್ಲ್ಯಾಶ್ ತಲೆಗೂ ಪೇಪರಿಗೂ ಮಧ್ಯೆ ಇನ್ನೊಂದು ಪದರ ಹಾಕಿ.