ತೀರ್ಥಹಳ್ಳಿ ದಾರಿಯಲ್ಲಿ ಊಟಕ್ಕೆ ಬೈಕ್ ಸವಾರಿ: ಇಬ್ಬರಿದ್ದಾಗ, ಬೇಸಿಗೆಯಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಊಟಕ್ಕೆ ಹೊರಟರೆ, ಹೋಗುವುದು ಸುಲಭ. ಕಷ್ಟವೆಲ್ಲ ಉಂಡು ಬರುವಾಗ: ಹೊಟ್ಟೆ ಭಾರ, ನೆತ್ತಿ ಬಿಸಿ, ಮಧ್ಯಾಹ್ನ ಕಳೆದರೆ ಗುಡುಗು. ಅದಕ್ಕೇ ಮೊದಲು ಊಟದ ಹೊತ್ತು ಗೊತ್ತುಮಾಡಿಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಹಿಂದಿನ ಸಂಜೆಯೇ ಬೈಕ್ ನೋಡಿಕೊಳ್ಳಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಹಿಡಿಸಬೇಕು. ಇಬ್ಬರು ಕೂತಾಗ ಹಿಂದಿನ ಚಕ್ರಕ್ಕೆ ಎಷ್ಟು ಬೇಕೆಂದು ಬೈಕಿನ ಮೇಲಿನ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಬೇಡಿ. ಚೈನನ್ನು ನಡುವೆ ಬೆರಳಲ್ಲಿ ಎತ್ತಿ ನೋಡಿದರೆ ಸಾಮಾನ್ಯ ಬೈಕುಗಳಲ್ಲಿ 25–30 ಮಿ.ಮೀ. ಆಡಬೇಕು. ಇಬ್ಬರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ. ಸ್ಟ್ಯಾಂಡಿನ ಮೇಲೇ ಬಿಗಿ ಇದ್ದರೆ ರಸ್ತೆಯಲ್ಲಿ ಬೇರಿಂಗ್ ಸವೆಯುತ್ತದೆ. ಶಾಕ್‌ನ ಸ್ಪ್ರಿಂಗಿನ ಬಿಗಿಯನ್ನೂ ಒಂದೆರಡು ಹಲ್ಲು ಏರಿಸಿ. ಪೆಟ್ರೋಲನ್ನು ಬಾಯಿವರೆಗೆ ತುಂಬಿಸಬೇಡಿ, ಬಿಸಿಲಿಗೆ ಅದು ಹಿಗ್ಗಿ ಹೊರಗೆ ಸುರಿಯುತ್ತದೆ.

ಎರಡು ಇಡ್ಲಿ ತಿಂದು ಎಂಟು ಗಂಟೆಗೆ ಹೊರಟರೆ ಸಾಕು. ಸಕ್ರೆಬೈಲಿನ ಆನೆ ಬಿಡಾರ 14 ಕಿ.ಮೀ. ಆನೆಗಳ ಸ್ನಾನ ಬೆಳಿಗ್ಗೆ ಮಾತ್ರ, ಆದ್ದರಿಂದ ಹೋಗುವಾಗಲೇ ನೋಡಬೇಕು. ಮಂಡಗದ್ದೆ ಪಕ್ಷಿಧಾಮಕ್ಕೆಂದು ಬೇಸಿಗೆಯಲ್ಲಿ ನಿಲ್ಲಬೇಕಾಗಿಲ್ಲ, ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ.

ಗಾಜನೂರು ದಾಟಿದ ಮೇಲೆ ಕಾಡಿನ ನೆರಳು ಸಿಗುತ್ತದೆ. ಹಿತವೇನೋ ಹೌದು, ಆದರೆ ಮೋಸ ಇರುವುದೂ ಅಲ್ಲೇ. ಸುಡುಬಿಸಿಲಿಂದ ನೆರಳಿಗೆ ನುಗ್ಗಿದ ಕೂಡಲೇ ಒಂದೆರಡು ಕ್ಷಣ ಕಣ್ಣು ಕತ್ತಲೆ ಕಟ್ಟುತ್ತದೆ, ಗುಂಡಿ ಕಾಣುವುದಿಲ್ಲ. ಕಪ್ಪು ಗಾಜಿನ ಹೆಲ್ಮೆಟ್ ಇದ್ದರಂತೂ ಇನ್ನೂ ಕಷ್ಟ. ನೆರಳು ಶುರುವಾಗುವ ಮುಂಚೆಯೇ ವೇಗ ಇಳಿಸಿ. ತಿರುವಿನ ಅಂಚಿನಲ್ಲಿ ಒಣಗಿದ ತರಗೆಲೆ ರಾಶಿ ಬಿದ್ದಿರುತ್ತದೆ, ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹಿಂದೆ ಕೂತವರು ಸವಾರನ ಭುಜ ಹಿಡಿಯದೆ ಹಿಂದಿನ ಹಿಡಿ ಹಿಡಿದುಕೊಳ್ಳಲಿ. ತಿರುವಿನಲ್ಲಿ ಬೈಕ್ ಬಾಗಿದತ್ತಲೇ ಬಾಗಲಿ.

ತೋಟದ ಪಕ್ಕದ ಮನೆಯೂಟದ ಹೋಟೆಲಿಗೆ ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ ಎಂದು ಹೇಳಿಬಿಡಿ. ನಾಟಿಕೋಳಿ ಬೇಯಲು ಒಂದು ಗಂಟೆಗೂ ಹೆಚ್ಚು ಬೇಕು, ಹೋಗಿ ಕೂತು ಹೇಳಿದರೆ ಆಗುವುದಿಲ್ಲ. ಕಡುಬು, ಕೋಳಿಸಾರು ವರ್ಷವಿಡೀ ಸಿಗುತ್ತವೆ. ಬೇಸಿಗೆಗೇ ಮೀಸಲಾದದ್ದು ಕಾಟುಮಾವಿನ ಹಣ್ಣಿನ ಸಾಸಿವೆ. ಸಿಪ್ಪೆ ಸುಲಿದ ಪುಟ್ಟ ಹಣ್ಣುಗಳನ್ನು ಕಿವುಚಿ, ಬೆಲ್ಲ ಹಾಕಿ, ತೆಂಗಿನತುರಿ, ಹಸಿ ಸಾಸಿವೆ, ಒಣಮೆಣಸು ರುಬ್ಬಿ ಬೆರೆಸಿರುತ್ತಾರೆ. ಗೊರಟನ್ನೂ ಬಾಯಿಗಿಟ್ಟು ಚೀಪಬೇಕು, ರಸವೆಲ್ಲ ಅದರ ನಾರಿನಲ್ಲೇ ಇರುತ್ತದೆ. ಇದೊಂದಕ್ಕಾಗಿಯೇ ಈ ದಾರಿ ಹಿಡಿಯಬಹುದು.

ಅಪ್ಪೆಹುಳಿ ಬಡಿಸಿದರೆ ಬೈಕ್ ಓಡಿಸುವವರು ಒಂದು ಲೋಟಕ್ಕೆ ನಿಲ್ಲಿಸಿ. ಬೇಯಿಸಿದ ಮಾವಿನಕಾಯಿಯ ಆ ತಿಳಿಸಾರು ಕುಡಿದರೆ ನಿದ್ದೆ ಎಳೆಯುತ್ತದೆ ಎಂಬುದು ಮಲೆನಾಡಿನ ಮನೆಮನೆಯ ಮಾತು. ಹೇಗೂ ಊಟದ ಮೇಲೆ ಜಗಲಿಯಲ್ಲಿ ಒಂದು ಗಂಟೆ ಅಡ್ಡಾಗಿ.

ಬೈಕನ್ನು ತೆಂಗಿನ ಮರದ ಕೆಳಗಾಗಲಿ ಹಲಸಿನ ಮರದ ಕೆಳಗಾಗಲಿ ನಿಲ್ಲಿಸಬೇಡಿ. ಬಿಸಿಲಿಗೆ ಮೆತ್ತಗಾದ ಟಾರಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು ಬೈಕ್ ಮಗುಚುವುದುಂಟು, ಅಡಿಗೆ ಅಂಗೈಯಗಲದ ಚಪ್ಪಟೆ ಕಲ್ಲು ಕೊಡಿ.

ಎರಡೂವರೆಯೊಳಗೆ ವಾಪಸು ಹೊರಡಿ. ದಾರಿಯಲ್ಲಿ ಮಳೆ ಹಿಡಿದರೆ ಮೊದಲ ಹನಿಗಳೇ ಅಪಾಯ: ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೀರಿನೊಡನೆ ಸೇರಿ ರಸ್ತೆ ಸಾಬೂನಿನಂತಾಗುತ್ತದೆ. ಗುಡುಗು ಕೇಳಿಸಿದರೆ ಮರದಡಿ ನಿಲ್ಲದೆ ಅಂಗಡಿ, ಮನೆ ಯಾವುದಾದರೂ ಸೂರು ಸೇರಿ. ಮಳೆ ಜೋರಾಗಿ ಸುರಿದು ರಸ್ತೆ ತೊಳೆದು, ನಿಂತ ಮೇಲೆ ಹೊರಟರೆ ಟೈರ್ ಮತ್ತೆ ಹಿಡಿತಕ್ಕೆ ಬರುತ್ತದೆ.